ಟ್ರೊಮ್ಸೊದಿಂದ ಲಾಂಗ್‌ಇಯರ್‌ಬೀನ್: ದೂರ ಎಷ್ಟು, ಹೊತ್ತು ಎಷ್ಟು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಮಾನದಾರಿಯ ಬಗ್ಗೆ ಇದ್ದುದರಿಂದ ಅವನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ಟ್ರೊಮ್ಸೊ ನಾರ್ವೆಯ ಉತ್ತರ ತುದಿಯ ಕಡೆಗಿರುವ ಊರು. ಲಾಂಗ್‌ಇಯರ್‌ಬೀನ್ ಅಲ್ಲಿಂದಲೂ ಉತ್ತರಕ್ಕೆ, ಸಮುದ್ರದಾಚೆ, ಸ್ವಾಲ್‌ಬಾರ್ಡ್ ದ್ವೀಪಸಮೂಹದಲ್ಲಿದೆ. ಸಾಮಾನ್ಯ ಜನ ಟಿಕೆಟ್ ಕೊಂಡು, ವೇಳಾಪಟ್ಟಿಯ ವಿಮಾನದಲ್ಲಿ ಇಳಿಯಬಹುದಾದ ನಿಲ್ದಾಣಗಳಲ್ಲಿ ಜಗತ್ತಿನಲ್ಲೇ ಅತಿ ಉತ್ತರದ್ದು ಇದು.

ಪ್ರಶ್ನೆ: ಈ ಎರಡು ನಿಲ್ದಾಣಗಳ ನಡುವಿನ ದೂರ ಒಂದು ಕಡೆ 957 ಕಿ.ಮೀ. ಎಂದಿದೆ, ಇನ್ನೊಂದು ಕಡೆ 961 ಎಂದಿದೆ, ಮತ್ತೊಂದು ಕಡೆ 517 ಎಂದಿದೆ. ಗೋಡೆಯ ಭೂಪಟದಲ್ಲಿ ಸ್ಕೇಲು ಇಟ್ಟು ಅಳೆದರೆ ಮೂರು ಸಾವಿರ ದಾಟುತ್ತದೆ. ಯಾವುದನ್ನು ನಂಬುವುದು?
– ಓದುಗರು, ಧಾರವಾಡ

ಮೊದಲ ಮೂರನ್ನೂ ನಂಬಿ, ಭೂಪಟದ ಅಳತೆಯನ್ನು ಮಾತ್ರ ಬಿಡಿ.

517 ಎಂಬುದು ನಾಟಿಕಲ್ ಮೈಲು. ವಿಮಾನದವರ ಲೆಕ್ಕವೆಲ್ಲ ಅದರಲ್ಲೇ ನಡೆಯುತ್ತದೆ. ಒಂದು ನಾಟಿಕಲ್ ಮೈಲು ಅಂದರೆ 1.852 ಕಿ.ಮೀ., ಗುಣಿಸಿ ನೋಡಿದರೆ ಮತ್ತೆ 957ಕ್ಕೇ ಬರುತ್ತೀರಿ. 957 ಮತ್ತು 961ರ ನಡುವಿನ ನಾಲ್ಕು ಕಿಲೋಮೀಟರ್ ವ್ಯತ್ಯಾಸ ಬರುವುದು ಭೂಮಿಯ ಆಕಾರದಿಂದ. ಭೂಮಿಯನ್ನು 6,371 ಕಿ.ಮೀ. ತ್ರಿಜ್ಯದ ಪೂರ್ಣ ಗೋಳ ಎಂದುಕೊಂಡರೆ 957 ಬರುತ್ತದೆ. ನಿಜವಾಗಿ ಭೂಮಿ ಧ್ರುವಗಳ ಹತ್ತಿರ ತುಸು ಚಪ್ಪಟೆ. ಚಪ್ಪಟೆಯಾದಲ್ಲಿ ಬಾಗು ಕಡಿಮೆ, ಹಾಗಾಗಿ ಒಂದು ಡಿಗ್ರಿ ಅಕ್ಷಾಂಶ ದಾಟಲು ಸ್ವಲ್ಪ ಹೆಚ್ಚು ದೂರ ಹೋಗಬೇಕು. ಜಿಪಿಎಸ್ ಬಳಸುವ ಮಾದರಿಯಲ್ಲಿ ಲೆಕ್ಕ ಹಾಕಿದರೆ 961. ಪ್ರಯಾಣಿಕರಿಗೆ ಈ ವ್ಯತ್ಯಾಸ ಇಪ್ಪತ್ತು ಸೆಕೆಂಡೂ ಅಲ್ಲ.

ಗೋಡೆಯ ಭೂಪಟ ಬಹುಶಃ ಮರ್ಕೇಟರ್ ನಕ್ಷೆ. ಅದರಲ್ಲಿ ಧ್ರುವದ ಕಡೆ ಹೋದಂತೆ ಎಲ್ಲವೂ ಹಿಗ್ಗುತ್ತದೆ. ಟ್ರೊಮ್ಸೊ ಅಕ್ಷಾಂಶದಲ್ಲಿ ಸುಮಾರು ಮೂರು ಪಟ್ಟು, ಲಾಂಗ್‌ಇಯರ್‌ಬೀನ್ ಅಕ್ಷಾಂಶದಲ್ಲಿ ಸುಮಾರು ಐದು ಪಟ್ಟು. ಸಮಭಾಜಕದ ಸ್ಕೇಲಿಟ್ಟು ಅಳೆದರೆ ಈ ದಾರಿ 3,500 ಕಿ.ಮೀ. ತೋರಿಸುತ್ತದೆ, ನಿಮಗೆ ಬಂದದ್ದೂ ಅದೇ. ವಾಸ್ತವದಲ್ಲಿ ಇದು ಬೆಂಗಳೂರು–ಮುಂಬೈ ನೇರ ದೂರಕ್ಕಿಂತ (834 ಕಿ.ಮೀ.) ಸುಮಾರು 120 ಕಿ.ಮೀ. ಹೆಚ್ಚು, ಅಷ್ಟೆ.

ನೀವೇ ಲೆಕ್ಕ ಹಾಕಿ ನೋಡುವುದಾದರೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಸಾಕು, ಡಿಗ್ರಿ ಮೋಡ್‌ನಲ್ಲಿರಲಿ. ಟ್ರೊಮ್ಸೊ ನಿಲ್ದಾಣ 69.683 ಉತ್ತರ, 18.919 ಪೂರ್ವ. ಲಾಂಗ್‌ಇಯರ್‌ಬೀನ್ ನಿಲ್ದಾಣ 78.246 ಉತ್ತರ, 15.466 ಪೂರ್ವ. ಎರಡು ಅಕ್ಷಾಂಶಗಳ ಸೈನ್‌ಗಳನ್ನು ಗುಣಿಸಿ: 0.91812. ಎರಡು ಅಕ್ಷಾಂಶಗಳ ಕೊಸೈನ್‌ಗಳನ್ನು ಗುಣಿಸಿ, ಅದಕ್ಕೆ ರೇಖಾಂಶಗಳ ವ್ಯತ್ಯಾಸದ (3.453) ಕೊಸೈನನ್ನೂ ಗುಣಿಸಿ: 0.07060. ಎರಡನ್ನೂ ಕೂಡಿಸಿದರೆ 0.98872. ಇದರ ವಿಲೋಮ ಕೊಸೈನ್ 8.61 ಡಿಗ್ರಿ. ಒಂದು ಡಿಗ್ರಿಗೆ 111.2 ಕಿ.ಮೀ.ನಂತೆ 957 ಬಂತು. 60ರಿಂದ ಗುಣಿಸಿದರೆ ನೇರವಾಗಿ ನಾಟಿಕಲ್ ಮೈಲು. ದಶಮಾಂಶದ ನಂತರ ಐದು ಅಂಕಿ ಇಟ್ಟುಕೊಳ್ಳಿ. ಕೂಡಿಸಿ ಬಂದ ಸಂಖ್ಯೆ ಒಂದಕ್ಕೆ ತೀರಾ ಹತ್ತಿರ ಇರುವುದರಿಂದ, ಮೂರು ಅಂಕಿಗೆ ಕತ್ತರಿಸಿದರೆ ಉತ್ತರ ಹತ್ತಾರು ಕಿಲೋಮೀಟರ್ ಜಾರುತ್ತದೆ.

ಪ್ರಶ್ನೆ: ಲಾಂಗ್‌ಇಯರ್‌ಬೀನ್‌ನಿಂದ ಸ್ವಾಲ್‌ಬಾರ್ಡ್‌ನದೇ ಇನ್ನೊಂದು ಊರಾದ ನೀ-ಓಲೆಸುಂಡ್‌ಗೆ ಪೈಥಾಗೊರಸ್ ಸೂತ್ರ ಹಾಕಿದೆ, 406 ಕಿ.ಮೀ. ಬಂತು. ಪುಸ್ತಕದಲ್ಲಿ 110 ಎಂದಿದೆ. ತಪ್ಪು ಎಲ್ಲಿ?
– ವಿದ್ಯಾರ್ಥಿನಿ, ಮೈಸೂರು

ಸೂತ್ರದಲ್ಲಿ ತಪ್ಪಿಲ್ಲ, ರೇಖಾಂಶದ ಡಿಗ್ರಿಗೂ 111 ಕಿ.ಮೀ. ಹಾಕಿದ್ದೀರಿ. ರೇಖೆಗಳೆಲ್ಲ ಧ್ರುವದಲ್ಲಿ ಒಂದಾಗುತ್ತವಲ್ಲ, ಮೇಲೆ ಹೋದಂತೆ ಅವುಗಳ ನಡುವಿನ ಜಾಗ ಕಿರಿದಾಗುತ್ತದೆ. ಬೆಂಗಳೂರಿನಲ್ಲಿ ಒಂದು ಡಿಗ್ರಿ ರೇಖಾಂಶ ಸುಮಾರು 108 ಕಿ.ಮೀ., ಹಾಗಾಗಿ ನಮ್ಮಲ್ಲಿ ಈ ತಪ್ಪು ಕಣ್ಣಿಗೇ ಬೀಳುವುದಿಲ್ಲ. 78.6 ಡಿಗ್ರಿ ಉತ್ತರದಲ್ಲಿ ಅದು ಬರೀ 22 ಕಿ.ಮೀ. ಎರಡು ಊರುಗಳ ರೇಖಾಂಶದ ವ್ಯತ್ಯಾಸವಾದ 3.59 ಡಿಗ್ರಿಯನ್ನು 22ರಿಂದ ಗುಣಿಸಿ: 79. ಅಕ್ಷಾಂಶದ ವ್ಯತ್ಯಾಸವಾದ 0.68 ಡಿಗ್ರಿಗೆ 76. ಈಗ ಪೈಥಾಗೊರಸ್ ಹಾಕಿ, 110 ಬರುತ್ತದೆ. ಹತ್ತಿರದ ಊರುಗಳಿಗೆ ಈ ದಾರಿ ಸಾಕು, ನೂರಿನ್ನೂರು ಕಿಲೋಮೀಟರ್ ದಾಟಿದರೆ ಮೇಲಿನ ಉತ್ತರದ ಕೊಸೈನ್ ಸೂತ್ರಕ್ಕೇ ಹೋಗಿ.

ಪ್ರಶ್ನೆ: 957 ಕಿ.ಮೀ.ಯನ್ನು ಗಂಟೆಗೆ 830 ಕಿ.ಮೀ. ವೇಗದಿಂದ ಭಾಗಿಸಿದರೆ 69 ನಿಮಿಷ. ಟಿಕೆಟ್‌ನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಎಂದಿದೆ. ಉಳಿದ ಅರ್ಧ ಗಂಟೆ ಎಲ್ಲಿ ಹೋಯಿತು?
– ಓದುಗರು, ಬೆಂಗಳೂರು

ಟಿಕೆಟ್‌ನಲ್ಲಿರುವ ಸಮಯ ಹಾರಾಟದ್ದಲ್ಲ. ಟ್ರೊಮ್ಸೊದಲ್ಲಿ ಗೇಟು ಬಿಟ್ಟ ಕ್ಷಣದಿಂದ ಲಾಂಗ್‌ಇಯರ್‌ಬೀನ್‌ನಲ್ಲಿ ವಿಮಾನ ನಿಂತು ಚಕ್ರಕ್ಕೆ ಅಡ್ಡಗಟ್ಟೆ ಇಡುವವರೆಗಿನದು. ಆ ಅರ್ಧ ಗಂಟೆಯನ್ನು ಬಿಡಿಸಿ ನೋಡೋಣ.

830 ಕಿ.ಮೀ. ಎಂಬುದು 11 ಕಿ.ಮೀ. ಎತ್ತರದಲ್ಲಿ ಸಮಮಟ್ಟದಲ್ಲಿ ಹಾರುವಾಗಿನ ವೇಗ. ಏರುವಾಗಲೂ ಇಳಿಯುವಾಗಲೂ ವೇಗ ಅಷ್ಟಿರುವುದಿಲ್ಲ, ಇಷ್ಟು ಚಿಕ್ಕ ದಾರಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಏರಿಳಿತದಲ್ಲೇ ಕಳೆಯುತ್ತದೆ. ಅದಕ್ಕೆ ಹತ್ತು-ಹನ್ನೆರಡು ನಿಮಿಷ ಸೇರಿಸಿ. ಆಮೇಲೆ ರನ್‌ವೇಗಳ ದಿಕ್ಕು. ಟ್ರೊಮ್ಸೊದ ರನ್‌ವೇ ಉತ್ತರ–ದಕ್ಷಿಣ. ಗಾಳಿ ದಕ್ಷಿಣದಿಂದ ಬೀಸುತ್ತಿದ್ದರೆ ವಿಮಾನ ದಕ್ಷಿಣಕ್ಕೇ ಹಾರಿ, ಬಳಸಿಕೊಂಡು ಉತ್ತರಕ್ಕೆ ತಿರುಗಬೇಕು. ಲಾಂಗ್‌ಇಯರ್‌ಬೀನ್‌ನ ರನ್‌ವೇ ಪೂರ್ವ–ಪಶ್ಚಿಮ. ದಕ್ಷಿಣದಿಂದ ಬಂದ ವಿಮಾನ ಪಶ್ಚಿಮದ ಫ್ಯೋರ್ಡಿನ (ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ) ಕಡೆಯಿಂದಲೋ ಪೂರ್ವದ ಕಣಿವೆಯ ಕಡೆಯಿಂದಲೋ ಸುತ್ತು ಹಾಕಿಯೇ ಸಾಲು ಹಿಡಿಯಬೇಕು. ಇವೆರಡರಿಂದ ಐದಾರು ನಿಮಿಷ. ನೆಲದ ಮೇಲಿನ ಓಡಾಟಕ್ಕೆ ಎರಡೂ ಕಡೆ ಸೇರಿ ಹತ್ತು ನಿಮಿಷ ಹಿಡಿದರೆ ಲೆಕ್ಕ ಸರಿಹೋಗುತ್ತದೆ.

ಚಳಿಗಾಲದಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ರೆಕ್ಕೆಯ ಮೇಲಿನ ಮಂಜುಗಡ್ಡೆ ತೆಗೆಯುವ ಡಿ-ಐಸಿಂಗ್. ಬಿಸಿ ಮಾಡಿದ ಗ್ಲೈಕಾಲ್ ಮಿಶ್ರಣವನ್ನು ಮೊದಲು ಸುರಿದು ಗಡ್ಡೆ ಕರಗಿಸುತ್ತಾರೆ. ಹಿಮ ಬೀಳುತ್ತಲೇ ಇದ್ದರೆ ಮತ್ತೆ ಅಂಟದಂತೆ ಇನ್ನೊಂದು ಗಟ್ಟಿಯಾದ ದ್ರವ ಬಳಿಯುತ್ತಾರೆ. ಆ ಎರಡನೆಯ ದ್ರವಕ್ಕೂ ಕಾಲಮಿತಿ ಇದೆ. ಅದು ಮುಗಿಯುವುದರೊಳಗೆ ನೆಲ ಬಿಡದಿದ್ದರೆ ಮೊದಲಿನಿಂದ ಮಾಡಬೇಕು. ಹಿಮ ಬೀಳುವ ದಿನ ಸರತಿಯಲ್ಲಿ ನಿಂತ ವಿಮಾನ ಇದ್ದಕ್ಕಿದ್ದಂತೆ ವಾಪಸು ಬರುವುದು ಹೆಚ್ಚಾಗಿ ಇದೇ ಕಾರಣಕ್ಕೆ.

ಗಾಳಿಯ ಪರಿಣಾಮವನ್ನು ಜನ ಇಲ್ಲಿ ಅತಿಯಾಗಿ ಲೆಕ್ಕ ಹಾಕುತ್ತಾರೆ. ಪೂರ್ತಿ ದಾರಿ ಗಂಟೆಗೆ 100 ಕಿ.ಮೀ. ಎದುರುಗಾಳಿ ಇದ್ದರೆ 79 ನಿಮಿಷ, ಅಷ್ಟೇ ಹಿಂಗಾಳಿ ಇದ್ದರೆ 62. ಆದರೆ ಮೇಲಿನ ಗಾಳಿ ಬಹುತೇಕ ಪಶ್ಚಿಮದಿಂದ ಬೀಸುತ್ತದೆ, ದಾರಿ ಉತ್ತರ–ದಕ್ಷಿಣ. ಗಾಳಿ ಮಗ್ಗುಲಿಗೆ ಬಡಿಯುತ್ತದೆ, ಹಾಗಾಗಿ ಹೋಗುವಾಗಿನ ಸಮಯಕ್ಕೂ ಬರುವಾಗಿನ ಸಮಯಕ್ಕೂ ಅಟ್ಲಾಂಟಿಕ್ ದಾರಿಗಳಲ್ಲಿ ಕಾಣುವಷ್ಟು ಅಂತರ ಇಲ್ಲಿರುವುದಿಲ್ಲ.

ಹೆಚ್ಚು ಜನ ಗಮನಿಸದ ಸಂಗತಿ ಮೇಲಿನ ಚಳಿ. ಬೋಯಿಂಗ್ 737-800 ಸಾಮಾನ್ಯವಾಗಿ ಶಬ್ದದ ವೇಗದ 0.78 ಭಾಗದಲ್ಲಿ ಹಾರುತ್ತದೆ, ತಣ್ಣನೆಯ ಗಾಳಿಯಲ್ಲಿ ಶಬ್ದವೇ ನಿಧಾನ. ಹೊರಗೆ ಮೈನಸ್ 45 ಡಿಗ್ರಿ ಇದ್ದರೆ ಆ 0.78 ಅಂದರೆ ಗಂಟೆಗೆ 850 ಕಿ.ಮೀ., ಮೈನಸ್ 66 ಇದ್ದರೆ 810. ಅದೇ ವಿಮಾನ, ಅದೇ ದಾರಿ, ಚಳಿಗಾಲದಲ್ಲಿ ಮೂರು ನಿಮಿಷ ತಡ.

ಇನ್ನೊಂದು ಹೋಲಿಕೆ ನೋಡಿ. ಬೆಂಗಳೂರು–ಮುಂಬೈ ದೂರ ಕಡಿಮೆಯಾದರೂ ವೇಳಾಪಟ್ಟಿಯಲ್ಲಿ ಒಂದು ಮುಕ್ಕಾಲು ಗಂಟೆಗಿಂತ ಕಡಿಮೆ ಕೊಡುವುದು ವಿರಳ, ಏಕೆಂದರೆ ಮುಂಬೈ ಮೇಲೆ ಸರತಿ ಕಾಯುವ ಹೊತ್ತನ್ನೂ ಮೊದಲೇ ಸೇರಿಸಿರುತ್ತಾರೆ. ಲಾಂಗ್‌ಇಯರ್‌ಬೀನ್ ಮೇಲೆ ಸರತಿಯೇ ಇಲ್ಲ. ಕಿಲೋಮೀಟರ್ ನೋಡಿ ಗಂಟೆ ಊಹಿಸುವವರು ಎಡವುವುದು ಇಲ್ಲೇ.

ಗಡಿಯಾರ ಬದಲಿಸುವ ಅಗತ್ಯವಿಲ್ಲ, ಸ್ವಾಲ್‌ಬಾರ್ಡ್‌ನಲ್ಲೂ ನಾರ್ವೆಯ ಸಮಯವೇ. ಓಸ್ಲೋದಿಂದ ನೇರ ವಿಮಾನ ಸಿಕ್ಕರೆ ದೂರ 2,013 ಕಿ.ಮೀ., ಸಮಯ ಸುಮಾರು ಮೂರು ಗಂಟೆ.

ಪ್ರಶ್ನೆ: ವಿಮಾನ ಲಾಂಗ್‌ಇಯರ್‌ಬೀನ್ ಮೇಲೆ ಹೋಗಿ, ಇಳಿಯದೆ ಮತ್ತೆ ಟ್ರೊಮ್ಸೊಗೇ ಬರುವುದುಂಟು ಎಂದು ಕೇಳಿದ್ದೇವೆ. ಅಷ್ಟು ಇಂಧನ ಇರುತ್ತದೆಯೇ? ನಡುವೆ ಎಲ್ಲಾದರೂ ಇಳಿಸಬಾರದೇ?
– ಓದುಗರು, ಮಂಗಳೂರು

ಹೌದು, ಹಾಗೆ ಬರುವುದುಂಟು. ನಡುವೆ ಇಳಿಸಲು ಜಾಗವಿಲ್ಲ. ಟ್ರೊಮ್ಸೊದಿಂದ ಸುಮಾರು 530 ಕಿ.ಮೀ. ಹೋದ ಮೇಲೆ ಬ್ಯೋರ್ನೋಯ, ಅಂದರೆ ಕರಡಿ ದ್ವೀಪ ಸಿಗುತ್ತದೆ. ಅಲ್ಲಿ ಹವಾಮಾನ ಕೇಂದ್ರ ಇದೆ, ಜೆಟ್ ಇಳಿಯುವ ರನ್‌ವೇ ಇಲ್ಲ. ಸ್ವಾಲ್‌ಬಾರ್ಡ್‌ನಲ್ಲೂ ದೊಡ್ಡ ಜೆಟ್ಟಿಗೆ ಇರುವುದು ಇದೊಂದೇ ನಿಲ್ದಾಣ. ನಮ್ಮಲ್ಲಿ ಮಂಗಳೂರಿನಲ್ಲಿ ಮಳೆ ಜೋರಾದರೆ ಬೆಂಗಳೂರಿಗೋ ಕೊಚ್ಚಿಗೋ ತಿರುಗಿಸುತ್ತಾರೆ. ಅಲ್ಲಿ ಬದಲಿ ನಿಲ್ದಾಣ ಅಂದರೆ ಸಮುದ್ರ ದಾಟಿ ಮತ್ತೆ ನಾರ್ವೆಯ ನೆಲವೇ.

ಆದ್ದರಿಂದ ಹೊರಡುವಾಗಲೇ ಹೋಗಿ ಬರುವಷ್ಟು ಇಂಧನ ತುಂಬಿಸಿಕೊಂಡಿರುತ್ತಾರೆ. 737-800 ಗಂಟೆಗೆ ಅಂದಾಜು ಎರಡೂವರೆ ಟನ್ ಸುಡುತ್ತದೆ. ಹೋಗಲು, ಏರುವಾಗಿನ ಹೆಚ್ಚುವರಿ ಸೇರಿಸಿ, ಸುಮಾರು ನಾಲ್ಕು ಟನ್. ಹಿಂದಿರುಗಲು ಹೆಚ್ಚುಕಡಿಮೆ ಅಷ್ಟೇ. ಅನಿರೀಕ್ಷಿತಕ್ಕೆಂದು ಹೋಗುವ ಇಂಧನದ ಐದು ಶೇಕಡಾ. ಇದೆಲ್ಲದರ ಮೇಲೆ ಅರ್ಧ ಗಂಟೆ ಹಾರುವಷ್ಟು ಕೊನೆಯ ಮೀಸಲು, ಒಂದು ಟನ್‌ಗಿಂತ ಸ್ವಲ್ಪ ಹೆಚ್ಚು. ಈ ಮೀಸಲನ್ನು ಯೋಜನೆಯಲ್ಲಿ ಮುಟ್ಟುವಂತಿಲ್ಲ. ನೆಲದ ಓಡಾಟವೂ ಸೇರಿ ಒಟ್ಟು ಒಂಬತ್ತೂವರೆ ಟನ್ ಆಸುಪಾಸು. ಟ್ಯಾಂಕಿನಲ್ಲಿ ಇಪ್ಪತ್ತು ಟನ್ ಹಿಡಿಯುತ್ತದೆ, ಹಾಗಾಗಿ ಜಾಗದ ಚಿಂತೆಯಿಲ್ಲ. ವಿಮಾನ ಮರಳಿತೆಂದರೆ ಪೈಲಟ್ ಗಾಬರಿಯಾದರು ಎಂದಲ್ಲ. ಹೊರಡುವ ಮೊದಲೇ ಕಾಗದದ ಮೇಲಿದ್ದ ಎರಡನೆಯ ಯೋಜನೆಯಂತೆ ನಡೆದುಕೊಂಡರು ಎಂದರ್ಥ.

ಮರಳಿಸುವ ಕಾರಣಗಳಲ್ಲಿ ಬೇಸಿಗೆಯಲ್ಲಿ ಮುಖ್ಯವಾದದ್ದು ಸಮುದ್ರದಿಂದ ಏಳುವ ದಟ್ಟ ಮಂಜು, ಚಳಿಗಾಲದಲ್ಲಿ ಅಡ್ಡಗಾಳಿ, ಹಿಮ, ಜಾರುವ ರನ್‌ವೇ. ತೀವ್ರ ಚಳಿ ಎತ್ತರಮಾಪಕವನ್ನೂ ದಾರಿ ತಪ್ಪಿಸುತ್ತದೆ. ಅದು ಗಾಳಿಯ ಒತ್ತಡ ಅಳೆದು ಎತ್ತರ ಹೇಳುವ ಉಪಕರಣ. ತಣ್ಣನೆಯ ಗಾಳಿ ಒತ್ತಿಕೊಂಡಿರುವುದರಿಂದ ವಿಮಾನ ಇರುವುದಕ್ಕಿಂತ ಮೇಲಿದೆ ಎಂದು ತೋರಿಸುತ್ತದೆ. ಮಾನಕ ತಾಪಮಾನಕ್ಕಿಂತ ಪ್ರತಿ ಹತ್ತು ಡಿಗ್ರಿ ಕಡಿಮೆಗೆ ಸುಮಾರು ನಾಲ್ಕು ಶೇಕಡಾ ತಪ್ಪು. ನೆಲದಲ್ಲಿ ಮೈನಸ್ 25 ಇದ್ದರೆ ಮಾನಕವಾದ 15ಕ್ಕಿಂತ ನಲವತ್ತು ಡಿಗ್ರಿ ಕಡಿಮೆ, ಮಾಪಕ 1,000 ಅಡಿ ತೋರಿಸುವಾಗ ನಿಜವಾಗಿ ಇರುವುದು 840 ಅಡಿ. ಪಕ್ಕದಲ್ಲೇ ಬೆಟ್ಟಗಳಿರುವ ನಿಲ್ದಾಣದಲ್ಲಿ ಈ 160 ಅಡಿ ದೊಡ್ಡ ಮಾತು. ಪೈಲಟ್‌ಗಳು ಕೋಷ್ಟಕ ನೋಡಿ ಇಳಿಯುವ ಎತ್ತರಗಳಿಗೆ ತಿದ್ದುಪಡಿ ಸೇರಿಸಿಕೊಂಡೇ ಬರುತ್ತಾರೆ.

ರನ್‌ವೇ ಕೂಡ ಸಾಮಾನ್ಯ ನೆಲದ ಮೇಲಿಲ್ಲ. 1975ರಲ್ಲಿ ತೆರೆದ ಈ ನಿಲ್ದಾಣವನ್ನು ಕಟ್ಟಿರುವುದು ಸದಾ ಹೆಪ್ಪುಗಟ್ಟಿರುವ ಮಣ್ಣಿನ ಮೇಲೆ. ಬೇಸಿಗೆಯಲ್ಲಿ ಮೇಲ್ಪದರ ಕರಗುತ್ತದೆ, ಚಳಿಯಲ್ಲಿ ಮತ್ತೆ ಉಬ್ಬುತ್ತದೆ. ಡಾಂಬರು ಅಲ್ಲಲ್ಲಿ ತಗ್ಗುದಿಣ್ಣೆಯಾಗುವುದರಿಂದ ಮತ್ತೆ ಮತ್ತೆ ಸಮ ಮಾಡುತ್ತಲೇ ಇರಬೇಕಾಗುತ್ತದೆ.

ಪ್ರಶ್ನೆ: ನಾವು ಗಂಡಹೆಂಡತಿ ಮುಂದಿನ ವರ್ಷ ಹೋಗಬೇಕೆಂದಿದ್ದೇವೆ. ಭಾರತದ ಪಾಸ್‌ಪೋರ್ಟ್. ಸ್ವಾಲ್‌ಬಾರ್ಡ್‌ಗೆ ವೀಸಾ ಬೇಡ ಎನ್ನುತ್ತಾರೆ, ನಿಜವೇ? ಟ್ರೊಮ್ಸೊದಲ್ಲಿ ಎಷ್ಟು ಗಂಟೆ ಬಿಡುವು ಇಟ್ಟುಕೊಳ್ಳಬೇಕು?
– ಓದುಗರು, ಶಿವಮೊಗ್ಗ

ಮಾತು ನಿಜ, ಆದರೆ ಅದನ್ನು ನಂಬಿ ವೀಸಾ ಇಲ್ಲದೆ ಹೊರಟರೆ ಬೆಂಗಳೂರಿನ ಕೌಂಟರ್‌ನಲ್ಲೇ ನಿಲ್ಲಿಸುತ್ತಾರೆ. 1920ರ ಸ್ವಾಲ್‌ಬಾರ್ಡ್ ಒಪ್ಪಂದದ ಪ್ರಕಾರ ದ್ವೀಪದ ಮೇಲೆ ಅಧಿಕಾರ ನಾರ್ವೆಯದು. ಹಾಗಿದ್ದರೂ ಅದು ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ, ಅಲ್ಲಿಗೆಂದೇ ವೀಸಾ ಇಲ್ಲ. ಆದರೆ ಅಲ್ಲಿಗೆ ಹೋಗುವ ವೇಳಾಪಟ್ಟಿಯ ವಿಮಾನಗಳು ಹೊರಡುವುದು ನಾರ್ವೆಯಿಂದ, ನಾರ್ವೆ ಷೆಂಗೆನ್ ಒಳಗೆ. ಲೆಕ್ಕ ಹೀಗೆ: ಫ್ರಾಂಕ್‌ಫರ್ಟ್ ಅಥವಾ ಓಸ್ಲೋದಲ್ಲಿ ಒಳಬಂದಿರಿ, ಇದು ಮೊದಲ ಪ್ರವೇಶ. ಟ್ರೊಮ್ಸೊದಲ್ಲಿ ಹೊರಬಿದ್ದಿರಿ. ಸ್ವಾಲ್‌ಬಾರ್ಡ್‌ನಿಂದ ಮರಳಿ ಬಂದಿರಿ, ಇದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಮರಳುವ ದಾರಿ ಮುಚ್ಚಿಹೋಗುತ್ತದೆ. ಅರ್ಜಿಯಲ್ಲೇ ಎರಡು ಪ್ರವೇಶ ಅಥವಾ ಬಹುಪ್ರವೇಶ ಎಂದು ಗುರುತು ಹಾಕಿ, ಲಾಂಗ್‌ಇಯರ್‌ಬೀನ್‌ನ ಹೋಟೆಲ್ ಮತ್ತು ವಿಮಾನದ ಕಾಯ್ದಿರಿಸುವಿಕೆಯನ್ನೂ ಲಗತ್ತಿಸಿ. ವೀಸಾ ಕೈಗೆ ಬಂದ ಕೂಡಲೇ ಪ್ರವೇಶಗಳ ಸಂಖ್ಯೆಯ ಜಾಗದಲ್ಲಿ 02 ಅಥವಾ ಎಂಯುಎಲ್‌ಟಿ ಎಂಬ ಅಕ್ಷರಗಳಿವೆಯೇ ಎಂದು ನೋಡಿಕೊಳ್ಳಿ. 01 ಇದ್ದರೆ ಅಲ್ಲೇ ಕೇಳಿ ಸರಿಪಡಿಸಿಕೊಳ್ಳಬೇಕು.

ಓಸ್ಲೋದಿಂದ ಟ್ರೊಮ್ಸೊ ಮೂಲಕ ಹೋಗುವ ವಿಮಾನ ಒಂದೇ ಆಗಿದ್ದರೂ ಟ್ರೊಮ್ಸೊದಲ್ಲಿ ಎಲ್ಲರೂ ಇಳಿಯಬೇಕು. ಕೈಚೀಲ ಹಿಡಿದು ಪಾಸ್‌ಪೋರ್ಟ್ ತಪಾಸಣೆ ದಾಟಿ ಮತ್ತೆ ಹತ್ತಬೇಕು. ಆಗ ವಿಮಾನ ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ಚಿಂತೆ ಬೇಡ. ಬೇರೆ ಬೇರೆ ಟಿಕೆಟ್ ಕೊಂಡಿದ್ದರೆ ಮಾತು ಬೇರೆ. ಒಂದು ತಡವಾದರೆ ಇನ್ನೊಂದು ಕಂಪನಿ ಕಾಯುವುದಿಲ್ಲ, ಮುಂದಿನ ವಿಮಾನ ಮರುದಿನವೇ ಇರಬಹುದು. ಬೇರೆ ಟಿಕೆಟ್ ಆಗಿದ್ದರೆ ಟ್ರೊಮ್ಸೊದಲ್ಲಿ ಒಂದು ರಾತ್ರಿ ಉಳಿಯಿರಿ ಎಂಬುದೇ ನಮ್ಮ ಸಲಹೆ. ಒಂದೇ ಟಿಕೆಟ್ ಆದರೆ ಎರಡು ಗಂಟೆ ಸಾಕು. ಬೆಂಗಳೂರಿನಲ್ಲಿ ಲಗೇಜಿಗೆ ಕಟ್ಟುವ ಚೀಟಿಯಲ್ಲಿ ಕೊನೆಯ ಮೂರಕ್ಷರ ಎಲ್‌ವೈಆರ್ (ಲಾಂಗ್‌ಇಯರ್‌ಬೀನ್ ನಿಲ್ದಾಣದ ಸಂಕೇತ) ಇದೆಯೇ ನೋಡಿ. ಓಎಸ್‌ಎಲ್ ಎಂದಿದ್ದರೆ ಪೆಟ್ಟಿಗೆ ಓಸ್ಲೋದಲ್ಲೇ ಬೆಲ್ಟಿನ ಮೇಲೆ ಬರುತ್ತದೆ, ನೀವೇ ಎತ್ತಿಕೊಂಡು ಮತ್ತೆ ಕೊಡಬೇಕು.

ಮರಳುವಾಗಲೂ ಲಾಂಗ್‌ಇಯರ್‌ಬೀನ್‌ನಿಂದ ಹೊರಡುವ ದಿನಕ್ಕೂ ಬೆಂಗಳೂರಿನ ವಿಮಾನ ಹತ್ತುವ ದಿನಕ್ಕೂ ನಡುವೆ ಪೂರ್ತಿ ಒಂದು ದಿನ ಖಾಲಿ ಇರಲಿ. ಮಂಗಳೂರಿನ ಓದುಗರಿಗೆ ಹೇಳಿದ ಮಂಜು ನಿಮ್ಮ ವಿಮಾನವನ್ನೂ ತಡೆಯಬಹುದು. ಸ್ವಾಲ್‌ಬಾರ್ಡ್‌ನಲ್ಲಿ ಕಳೆದ ಪೂರ್ಣ ದಿನಗಳು ಷೆಂಗೆನ್‌ನಲ್ಲಿ ಇರಬಹುದಾದ 90 ದಿನಗಳ ಲೆಕ್ಕಕ್ಕೆ ಬರುವುದಿಲ್ಲ, ಹೊರಬೀಳುವ ದಿನ ಮತ್ತು ಒಳಬರುವ ದಿನ ಮಾತ್ರ ಸೇರುತ್ತವೆ.

ಪ್ರಶ್ನೆ: ಫೆಬ್ರವರಿ ಮೊದಲ ವಾರ ಹೋದರೆ ಕಿಟಕಿಯಲ್ಲಿ ಏನು ಕಾಣುತ್ತದೆ? ಯಾವ ಬದಿ ಕೂರಬೇಕು?
– ಓದುಗರು, ಕಲಬುರಗಿ

ಆ ಹೊತ್ತಿಗೆ ಟ್ರೊಮ್ಸೊಗೆ ಸೂರ್ಯ ಮರಳಿರುತ್ತಾನೆ. ಲಾಂಗ್‌ಇಯರ್‌ಬೀನ್‌ನಲ್ಲಿ ಅಕ್ಟೋಬರ್ ಕೊನೆಗೆ ಮುಳುಗಿದವನು ಫೆಬ್ರವರಿ ಮಧ್ಯದವರೆಗೆ ದಿಗಂತದ ಮೇಲೆ ಬರುವುದಿಲ್ಲ. ಹಾಗಾಗಿ ಮಧ್ಯಾಹ್ನದ ವಿಮಾನದಲ್ಲಿ ಬೆಳಕಿನಿಂದ ಹೊರಟು ನೀಲಿ ಮುಸ್ಸಂಜೆಗೆ ಇಳಿಯುತ್ತೀರಿ. 11 ಕಿ.ಮೀ. ಎತ್ತರದಿಂದ ದಿಗಂತ ಮೂರು ಡಿಗ್ರಿಗೂ ಹೆಚ್ಚು ಕೆಳಗೆ, ಸುಮಾರು 375 ಕಿ.ಮೀ. ದೂರದಲ್ಲಿರುತ್ತದೆ. ಕೆಳಗಿನ ಸಮುದ್ರ ಕತ್ತಲಾದ ಮೇಲೂ ನಿಮಗೆ ಬಿಸಿಲು ಇನ್ನಷ್ಟು ಹೊತ್ತು ಸಿಗುತ್ತದೆ. ಮಧ್ಯಾಹ್ನದ ನಂತರದ ವಿಮಾನವಾದರೆ ಉತ್ತರಕ್ಕೆ ಹೋಗುವಾಗ ಎಡಬದಿ, ಬೆಳಗಿನದಾದರೆ ಬಲಬದಿ. ರೆಕ್ಕೆಯ ಹಿಂದಿನ ಸಾಲು ಹಿಡಿಯಿರಿ, ಸೂರ್ಯ ಹಿಂದೆ ದಕ್ಷಿಣದಲ್ಲಿರುತ್ತಾನೆ.

ಪ್ರಶ್ನೆ: ನೀ-ಓಲೆಸುಂಡ್‌ನ ಭಾರತೀಯ ಕೇಂದ್ರ ‘ಹಿಮಾದ್ರಿ’ಗೆ ಹೋಗುವವರ ಕೊನೆಯ ಹಂತ ಹೇಗೆ? ಸಾಮಾನ್ಯ ಪ್ರವಾಸಿಗರೂ ಹೋಗಬಹುದೇ?
– ಸಂಶೋಧನಾ ವಿದ್ಯಾರ್ಥಿ, ಬೆಂಗಳೂರು

ಹಿಮಾದ್ರಿ 2008ರ ಜುಲೈ 1ರಂದು ಶುರುವಾಯಿತು, ನಡೆಸುವುದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ. ಲಾಂಗ್‌ಇಯರ್‌ಬೀನ್‌ನಿಂದ ಅಲ್ಲಿಗೆ ರಸ್ತೆಯಿಲ್ಲ. ಸುಮಾರು 110 ಕಿ.ಮೀ. ವಿಮಾನದಾರಿ, ಇಪ್ಪತ್ತೈದು ನಿಮಿಷದೊಳಗೆ ಮುಟ್ಟಿಸುತ್ತದೆ. ರನ್‌ವೇ ಜಲ್ಲಿಯದು, ಉದ್ದ ಸುಮಾರು 800 ಮೀಟರ್, ಜೆಟ್ ಇಳಿಯುವ ಮಾತೇ ಇಲ್ಲ. ಈ ದಾರಿಯಲ್ಲಿ ಬಹುಕಾಲ ಓಡಿದ್ದು ಎರಡು ಪ್ರೊಪೆಲ್ಲರ್‌ಗಳ ಡಾರ್ನಿಯರ್ 228. ಇದೇ ಮಾದರಿಯನ್ನು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಎಚ್‌ಎಎಲ್ ತನ್ನ ಕಾನ್ಪುರ ಕಾರ್ಖಾನೆಯಲ್ಲಿ ಪರವಾನಗಿ ಪಡೆದು ತಯಾರಿಸುತ್ತದೆ.

ಈ ವಿಮಾನ ವಾರಕ್ಕೆ ಕೆಲವೇ ದಿನ ಇರುತ್ತದೆ. ಸೀಟು ಸಿಗುವುದು ಊರನ್ನು ನಡೆಸುವ ಕಿಂಗ್ಸ್ ಬೇ ಸಂಸ್ಥೆಯ ಮೂಲಕ, ಮುಖ್ಯವಾಗಿ ಅಲ್ಲಿ ಕೆಲಸವಿರುವವರಿಗೆ. ಪ್ರವಾಸಿಗರು ಸಾಮಾನ್ಯವಾಗಿ ಬೇಸಿಗೆಯಲ್ಲಿ ಹಡಗಿನಲ್ಲಿ ಬಂದು ಕೆಲವು ಗಂಟೆ ಇಳಿದು ಹೋಗುತ್ತಾರೆ. ಧ್ರುವ ಅನ್ವೇಷಕ ಆಮುಂಡ್ಸೆನ್ ತಂಡದ ‘ನೋರ್ಗೆ’ ವಾಯುನೌಕೆ 1926ರ ಮೇ 11ರಂದು ಉತ್ತರ ಧ್ರುವದ ಕಡೆ ಹೊರಟದ್ದು ಇಲ್ಲಿಂದಲೇ, ಅದನ್ನು ಕಟ್ಟಿದ್ದ ಕಂಬ ಇನ್ನೂ ನಿಂತಿದೆ. ಆದರೆ ಊರಿನ ಸುತ್ತ ನಡೆಯುತ್ತಿರುವ ಅಳತೆಗಳು ಸೂಕ್ಷ್ಮವಾದವು, ಜನ ಹೆಚ್ಚಿದಷ್ಟೂ ಅವು ಕೆಡುತ್ತವೆ. ಈ ನಿರ್ಬಂಧ ಸರಿಯಾದದ್ದೇ.

ನೀವು ಹೋಗುವವರಾದರೆ ಭಾರದ ಉಪಕರಣಗಳನ್ನು ಮೊದಲೇ ಹಡಗಿನಲ್ಲಿ ಕಳುಹಿಸುವ ವ್ಯವಸ್ಥೆ ಮಾಡಿಕೊಳ್ಳಿ, ಚಿಕ್ಕ ವಿಮಾನದಲ್ಲಿ ಪ್ರತಿ ಕಿಲೋ ತೂಗುತ್ತಾರೆ. ಊರಿನ ಸುತ್ತ 20 ಕಿ.ಮೀ. ರೇಡಿಯೋ ಮೌನದ ವಲಯ. 2ರಿಂದ 32 ಗಿಗಾಹರ್ಟ್ಸ್ ನಡುವೆ ಯಾವ ಸಾಧನವೂ ಸಂಕೇತ ಬಿಡಬಾರದು, ದೂರದ ಗೆಲಾಕ್ಸಿಗಳಿಂದ ಬರುವ ಕ್ಷೀಣ ಅಲೆ ಹಿಡಿಯುವ ಆಂಟೆನಾ ಅಲ್ಲಿದೆ. ವೈಫೈ, ಬ್ಲೂಟೂತ್ ಎರಡೂ 2.4ರಲ್ಲಿ ಕೆಲಸ ಮಾಡುವುದರಿಂದ ನಿಷಿದ್ಧ. ಲಾಂಗ್‌ಇಯರ್‌ಬೀನ್‌ನಲ್ಲಿ ವಿಮಾನ ಹತ್ತುವ ಮೊದಲೇ ಫೋನು, ಕೈಗಡಿಯಾರ, ಇಯರ್‌ಫೋನು, ಲ್ಯಾಪ್‌ಟಾಪಿನ ತಂತಿಯಿಲ್ಲದ ಮೌಸು, ಕ್ಯಾಮೆರಾ ಒಂದೊಂದನ್ನೂ ತೆಗೆದು ನೋಡಿ ಆಫ್ ಮಾಡಿ. ಫೋನ್ ಫ್ಲೈಟ್ ಮೋಡ್‌ಗೆ ಹಾಕಿದರೂ ಕೆಲವು ಮಾದರಿಗಳಲ್ಲಿ ಬ್ಲೂಟೂತ್ ಚಾಲೂ ಇರುತ್ತದೆ, ಅದನ್ನು ಸೆಟಿಂಗ್ಸ್ ಒಳಗೆ ಹೋಗಿ ಬೇರೆಯಾಗಿ ಆಫ್ ಮಾಡಬೇಕು. ಲ್ಯಾಪ್‌ಟಾಪಿಗೆ ಒಂದು ತಂತಿಯ ಮೌಸು, ಒಂದು ಈಥರ್‌ನೆಟ್ ಕೇಬಲ್ ಮತ್ತು ಅದಕ್ಕೆ ಬೇಕಾದ ಅಡಾಪ್ಟರ್ ಬೆಂಗಳೂರಿನಿಂದಲೇ ಒಯ್ಯಿರಿ.